ವೈರಿ ಇರುವ ಊರಲ್ಲಿ ಬಾಡಿಗೆ ಮನೆ

ಕಮಲಾಪುರ ಬಿಟ್ಟು ಕಲಬುರಗಿಗೆ ಬರಲು ನಾನು ಕೊಟ್ಟ ಬೆಲೆ: ಎರಡು ಎಮ್ಮೆ, ಗುತ್ತಿಗೆ ಹಿಡಿದಿದ್ದ ಬಾಳೆತೋಟ, ಮತ್ತು ಗಂಡನ ಜೊತೆಗಿನ ಮಾತು. ಕಾರಣ ಹೇಳಿದರೆ ತಲೆ ಕೆಟ್ಟಿದೆ ಅನ್ನುತ್ತೀರಿ, ಆದರೂ ಹೇಳುತ್ತೇನೆ. ನನ್ನ ಮಗಳು ಸುಮಾ ಕಮಲಾಪುರದ ಮಣ್ಣಲ್ಲಿದ್ದಾಳೆ. ಅವಳನ್ನು ಕೊಂದ ಗಡ್ಡೆ ಕಲಬುರಗಿಯಲ್ಲಿ ಜೀವಂತ ಇದೆ. ತಣ್ಣನೆಯ ಕೋಣೆಯೊಂದರಲ್ಲಿ, ಇಲಿಯ ಬೆನ್ನಿನ ಮೇಲೆ. ವೈರಿ ಇರುವ ಊರಲ್ಲೇ ನಾನೂ ಇರಬೇಕು ಅನ್ನಿಸಿತು. ಬಂದೆ.

ಸುಮಾಗೆ ಆಗ ಆರು ವರ್ಷ. ಮೂತ್ರಪಿಂಡದ ಮೇಲೆ ಎದ್ದ ಕ್ಯಾನ್ಸರ್ ಗಡ್ಡೆ. ಆಪರೇಷನ್ನಿನ ಹಿಂದಿನ ದಿನ ಕಲಬುರಗಿಯ ಆಸ್ಪತ್ರೆಯಲ್ಲಿ ಸಂಶೋಧನೆ ಮಾಡುವ ಮೇಡಂ ಒಬ್ಬರು ಬಂದು ಪಕ್ಕದಲ್ಲಿ ಕೂತರು.

“ಗಡ್ಡೆಯ ಒಂದು ತುಣುಕು ಕೊಟ್ರ ಇಲಿ ಮೈಯಾಗ ಬೆಳೆಸಿ, ಯಾವ ಔಷಧಕ್ಕ ಸಾಯ್ತದ ಅಂತ ನೋಡ್ತೀವ್ರಿ. ನಿಮ್ಮ ಮಗಳಿಗೆ ಉಪಯೋಗ ಆಗ್ಲಿಕ್ಕಿಲ್ಲ. ಮುಂದಿನ ಮಕ್ಕಳಿಗೆ ಆಗಬಹುದು.”

ಕಲಬುರಗಿಯ ಕಾಳಿನ ಪೇಟೆ ನೆಹರು ಗಂಜಿನಲ್ಲಿ ಚೀಲಕ್ಕೆ ಕೊಳವೆ ಚುಚ್ಚಿ ಒಂದು ಹಿಡಿ ತೊಗರಿ ತೆಗೆದು ನೋಡುವವರನ್ನು ನಾನು ಕಂಡವಳು. ಮಾಲು ಹೇಗಿದೆ ಅಂತ ಹೇಳದೆ ಅವರು ಅಂಗೈ ಕೊಡವಿ ಹೋಗುವಂತಿಲ್ಲ.

“ಕೊಡ್ತೀನ್ರಿ. ಖರೆ ಎರಡು ಮಾತು. ಏನಾತು ಅಂತ ನನಗ ತಿಳಿಸಬೇಕು. ನಾ ಬ್ಯಾಡ ಅಂದ ದಿನ ಅದನ್ನ ಸುಟ್ಟುಹಾಕಬೇಕು.”

“ಎರಡನೇದು ನಿಮ್ಮ ಹಕ್ಕೇ ಅದರಿ. ಮೊದಲನೇದು ಕಷ್ಟ.”

“ಹಂಗಾದ್ರ ತುಣುಕೂ ಕಷ್ಟ.”

ಮೇಡಂ ನಕ್ಕರು. ವ್ಯಾಪಾರ ಕುದುರಿತು. ಸುಮಾ ಉಳಿಯಲಿಲ್ಲ.

ಗಂಜಿನ ಹಿಂದಿನ ಓಣಿಯಲ್ಲಿ ಕೋಣೆ ಹುಡುಕಿದೆ. ಮನೆಯೊಡತಿ ಖೈರುನ್‌ಬಿ ಬಾಗಿಲಲ್ಲೇ ನಿಲ್ಲಿಸಿದಳು. “ಗಂಡ ಇಲ್ದ ಅಕೇಲಿ ಇರೋ ಹೆಂಗಸಿಗೆ ರೂಂ ಕೊಡಂಗಿಲ್ಲವಾ.” “ಗಂಡಸ್ರಿಗೆ ಕೊಟ್ಟಾಗ ಬಾಡಿಗಿ ಸರಿಯಾಗಿ ಬಂದದೇನು?” ಅಂದೆ. ಬೀಗದ ಕೈ ಕೊಟ್ಟಳು.

ಕಮಲಾಪುರದಿಂದ ಬಸ್ಸಿನಲ್ಲಿ ಗಂಟೆಯ ದಾರಿ ಅಷ್ಟೇ, ಆದರೂ ಪರದೇಶ. ಅಲ್ಲಿ ಬೆಳಗಾದರೆ ತೋಟದ ಹಸಿ ವಾಸನೆ, ಇಲ್ಲಿ ತೊಗರಿಯ ಧೂಳು. ಅಲ್ಲಿ ಯಾರೂ ಬಾಗಿಲು ತಟ್ಟುವುದಿಲ್ಲ, ಸೀದಾ ಒಲೆಯ ತನಕ ಬರುತ್ತಾರೆ. ಇಲ್ಲಿ ಯಾರಾದರೂ ತಟ್ಟಲಿ ಅಂತ ಕಾಯ್ದ ಸಂಜೆಗಳಿವೆ. ಒಂದು ಲಾಭವೂ ಉಂಟು. ಅಲ್ಲಿ ನಾನು ‘ಪಾಪ, ಆ ಹುಡುಗಿ ಅವ್ವ’. ಇಲ್ಲಿ ‘ಕೆಂಬಾಳೆ ಅಕ್ಕ’.

ಇಲಿಗಳಿದ್ದ ಕಟ್ಟಡದ ಗೇಟಿನ ಎದುರಿಗೇ ತಳ್ಳುಗಾಡಿ ನಿಲ್ಲಿಸಿ ನಮ್ಮೂರಿನ ಕೆಂಬಾಳೆ ಮಾರಲು ಕೂತೆ. ಹೊರಗಿನಿಂದ ಓದಲು ಬಂದ ಹುಡುಗರು “ಬಣ್ಣ ಹಚ್ಚೀರೇನ್ರಿ?” ಅಂತ ಕೇಳುತ್ತಿದ್ದರು. “ಹೂಂ, ನಿಮ್ಮ ಕೂದಲಿಗೆ ಹಚ್ಚೀರಲ್ಲ, ಅದೇ ಬಣ್ಣ” ಅನ್ನುತ್ತಿದ್ದೆ. ಮಾಲು ಖರ್ಚಾಗುತ್ತಿತ್ತು. ಮೇಡಂ ಮಾತಿಗೆ ತಪ್ಪಲಿಲ್ಲ, ಆದರೆ ಅವರ ಸುದ್ದಿ ಅಪರೂಪ. ದಿನದ ಸುದ್ದಿಗೆ ನಾನು ಹಿಡಿದದ್ದು ಇಲಿಗಳಿಗೆ ಮೇವು ಹಾಕುವ ರಫೀಕನನ್ನು.

“ನಕ್ಕೋ, ಬ್ಯಾಡ ಅಕ್ಕಾ, ಒಳಗಿನ ಮಾತು ಹೇಳಿದ್ರ ನೌಕರಿ ಹೋಗ್ತದ.”

“ಹಣ್ಣು ತಿನ್ನು, ಮಾತು ಬ್ಯಾಡ. ಇಲಿ ಉಂಡಾವೇನು, ಅಷ್ಟು ಹೇಳು.”

“ಚಂದ ಉಂಡು ಆಡಾಕತ್ತಾವ.”

ಇಲಿಗಳ ಮೇಲೇ ಸಿಟ್ಟು ಬಂತು. ನನ್ನ ಮಗಳು ಅನ್ನ ಬಿಟ್ಟಿದ್ದಳು.

ಮೇಡಂ ಅವರನ್ನು ಬೇಡಿ ಬೇಡಿ ಒಮ್ಮೆ ಗಾಜಿನ ಆಚೆಯಿಂದ ಇಲಿಯೊಂದನ್ನು ನೋಡಿದೆ. ಇಲ್ಲಿಯವರು ಅದನ್ನು ‘ಮಾಡೆಲ್’ ಅನ್ನುತ್ತಾರೆ, ಅಂದರೆ ಮಗುವಿನ ರೋಗವನ್ನು ಮಗುವಿನ ಬದಲಿಗೆ ಹೊರುವ ಪ್ರಾಣಿ. ಅದರ ಮೈಮೇಲೆ ಕೂದಲೇ ಇರಲಿಲ್ಲ. ರೋಗದ ಜೊತೆ ಹೊಡೆದಾಡುವ ಶಕ್ತಿಯೂ ಹುಟ್ಟಿನಿಂದ ಕಮ್ಮಿ, ಅದಕ್ಕೇ ಮನುಷ್ಯರ ಗಡ್ಡೆ ಅಲ್ಲಿ ನಿಲ್ಲುತ್ತದಂತೆ. ಔಷಧ ಏರಿಸಿದ ಮೇಲೆ ಬೋಳಾದ ಸುಮಾಳ ತಲೆ ಕಣ್ಣಮುಂದೆ ಬಂತು. ಇಲಿಯ ಮೇಲಿನ ಸಿಟ್ಟನ್ನು ಅಲ್ಲೇ ಬಿಟ್ಟೆ. ಗಡ್ಡೆಯ ಮೇಲಿನದನ್ನು ಬಿಡಲಿಲ್ಲ.

ಸುಮಾಗೆ ಕೊಟ್ಟಿದ್ದ ಔಷಧವನ್ನೇ ಇಲಿಗಳಿಗೆ ಮೊದಲು ಕೊಟ್ಟರು. ಗಡ್ಡೆ ಜಗ್ಗಲಿಲ್ಲ. ಬೇರೊಂದಕ್ಕೂ ಜಗ್ಗಲಿಲ್ಲ. ಆಮೇಲೆ ಎರಡು ಔಷಧ ಕೂಡಿಸಿ ಕೊಟ್ಟಾಗ ಬೆರಳಿಗೆ ಸಿಗದಷ್ಟು ಕರಗಿತು. ಮೇಡಂ ಅವರೇ ಗಾಡಿಯ ತನಕ ಬಂದು ಹೇಳಿದರು. ಜನ್ಮದಲ್ಲಿ ಮೊದಲ ಸಲ ಹಣ್ಣು ಪುಕ್ಕಟೆ ಹಂಚಿದೆ.

“ಸತ್ತಂಗಾತಲ್ರಿ?”

“ಈ ಇಲಿಗಳಾಗ ಕರಗೇದ. ಬ್ಯಾರೆ ಇಲಿಗಳಾಗ ಇನ್ನೂ ಅದ, ಬರ್ಫದಾಗ ಹೆಪ್ಪುಗಟ್ಟಿಸಿನೂ ಇಟ್ಟೀವಿ. ಇಲಿಗೆ ನಾಟಿದ್ದು ಮಗುವಿಗೆ ನಾಟ್ತದಂತ ಹೇಳಾಕ ಬರಂಗಿಲ್ಲ. ಇನ್ನೂ ಭಾಳ ನೋಡಬೇಕ್ರಿ.”

“ನಾ ಬ್ಯಾಡ ಅಂದ್ರ?”

ಅವರ ಮುಖ ಸಣ್ಣದಾಯಿತು. “ನಮ್ಮ ಕಡೆ ಇರೋದೆಲ್ಲ ಇವತ್ತೇ ಸುಡ್ತೀವಿ. ಮಾತು ಕೊಟ್ಟೀನಿ.”

ಅವತ್ತೇ ಬಸ್ಸು ಹತ್ತಿ ಕಮಲಾಪುರಕ್ಕೆ ಹೋದೆ. ಮಗಳನ್ನು ಹೂಳಿದ ಗುಂಡಿಯ ಹತ್ತಿರ ಗಂಡ ಕಳೆ ಕೀಳುತ್ತಿದ್ದ. ಎಲ್ಲ ಹೇಳಿದೆ. ನಾನು ಊರು ಬಿಟ್ಟ ಮೇಲೆ ಮೊದಲ ಸಲ ನನ್ನ ಜೊತೆ ಮಾತಾಡಿದ.

“ಸುಡಿಸಿಬಿಡು. ಆಮ್ಯಾಲ ಮನಿಗೆ ಬಾ.”

ಅಲ್ಲೇ ಕೂತು ತೂಗಿ ನೋಡಿದೆ. ಒಂದು ಕಡೆ ನನ್ನ ಒಲೆ, ನನ್ನ ಮನುಷ್ಯ. ಇನ್ನೊಂದು ಕಡೆ ಆ ಗಡ್ಡೆ. ಸುಟ್ಟರೆ ಅದಕ್ಕೆ ಒಂದೇ ಏಟಿನ ಸಾವು. ನನ್ನ ಕೂಸಿಗೆ ಅದು ಆ ರಿಯಾಯಿತಿ ಕೊಟ್ಟಿರಲಿಲ್ಲ.

ಮರುದಿನ ಮೇಡಂ ಅವರಿಗೆ ಹೇಳಿದೆ: “ಇರ್ಲಿ ಬಿಡ್ರಿ. ಹೊಸಾ ಔಷಧ ಬಂದಾಗೊಮ್ಮೆ ಮೊದಲ ಇದಕ್ಕ ಹೊಡೀರಿ. ತನ್ನ ಜಾತಿಯ ಗುಟ್ಟೆಲ್ಲ ತಾನೇ ಕಕ್ಕಬೇಕು.”

ಜೈಲಿಗೆ ಹಾಕಿದವಳು ಕಾವಲು ಕಾಯಲೇಬೇಕು. ಅಮಾವಾಸ್ಯೆಗೆ ಊರಿಗೆ ಹೋಗುತ್ತೇನೆ. ಗಂಡ ರೊಟ್ಟಿ ಬಡಿದು ಹಾಕುತ್ತಾನೆ, ಪೂರ್ತಿ ಯಾವಾಗ ಬರುತ್ತಿ ಅಂತ ಕೇಳುವುದಿಲ್ಲ. ಅಲ್ಲಿ ಇದ್ದಷ್ಟು ಹೊತ್ತು ಗೇಟಿನ ಚಿಂತೆ, ಗೇಟಿನಲ್ಲಿ ಇದ್ದಷ್ಟು ಹೊತ್ತು ಆ ಮಣ್ಣಿನದು.

ನಿಮಗೆ ಹೇಳುವುದು ಇಷ್ಟು. ಮಕ್ಕಳ ಹೊಟ್ಟೆ ಗಟ್ಟಿಯಾಗಿ ಕೈಗೆ ಹತ್ತಿದರೆ ದೃಷ್ಟಿ ತೆಗೆಯುತ್ತ ಕೂಡಬೇಡಿ, ದೊಡ್ಡ ಆಸ್ಪತ್ರೆಗೆ ಓಡಿ. ಇಲಿ ವಾಸಿಯಾಯಿತು ಅಂದವನ ಮಾತಿಗೆ ಮನೆ ಮಾರಬೇಡಿ, ಮಗುವಿನ ದಾರಿ ಇನ್ನೂ ಉದ್ದ. ತುಣುಕು ಕೇಳಿದರೆ ಕೊಡಿ, ಸುಮ್ಮನೆ ಕೊಡಬೇಡಿ. ಏನು ಮಾಡುತ್ತೀರಿ, ಯಾರು ತಿಳಿಸುತ್ತೀರಿ, ಬೇಡ ಅಂದರೆ ಬಿಡುತ್ತೀರಾ ಅಂತ ಕೇಳಿಯೇ ಸಹಿ ಹಾಕಿ. ಚೌಕಾಸಿಗೆ ನಾಚಬೇಡಿ. ವೈರಿಯನ್ನು ಕೊಲ್ಲಿಸುವ ಹಕ್ಕು ನಿಮ್ಮ ಕೈಯಲ್ಲೇ ಇರಲಿ, ಬಳಸುವ ಅವಸರ ಮಾತ್ರ ಬೇಡ.