ಘಾಟು ಎಂದುಕೊಂಡೆವು

ಖಾಲಾಳ ಹೆಬ್ಬೆರಳುಗಳ ಉಗುರಿನ ಸಂದು ಸದಾ ಕೆಂಪು. ಎಷ್ಟು ತಿಕ್ಕಿ ತೊಳೆದರೂ ಮೆಣಸಿನಕಾಯಿಯ ಬಣ್ಣ ಹೋಗುತ್ತಿರಲಿಲ್ಲ. "ನನಗ ಮೆಹಂದಿ ಖರ್ಚ ಇಲ್ಲ ಬಿಡವಾ" ಎಂದು ನಗುತ್ತಿದ್ದಳು. ಖಾಲಾ ಎಂದರೆ ಚಿಕ್ಕಮ್ಮ; ಓಣಿಯವರೆಲ್ಲ ಹಾಗೇ ಕರೆಯುತ್ತಿದ್ದ ಅವಳು ಬ್ಯಾಡಗಿಯಲ್ಲಿ ನಮ್ಮ ಪಕ್ಕದ ಮನೆಯವಳು. ಎಂಬತ್ತರ ದಶಕದ ಕೊನೆಯಲ್ಲಿ ನಾವಿಬ್ಬರೂ ಒಂದೇ ಗೋದಾಮಿನಲ್ಲಿ ಮೆಣಸಿನಕಾಯಿ ತೊಟ್ಟು ಬಿಡಿಸುತ್ತಿದ್ದೆವು.

ನಾನು ಮೊದಲ ದಿನ ಕೆಮ್ಮಿ ಕೆಮ್ಮಿ ಅಳುತ್ತಿದ್ದಾಗ ಬೆಲ್ಲದ ಚೂರೊಂದನ್ನು ಬಾಯಿಗಿಟ್ಟವಳು ಅವಳೇ. "ಕಡೀಬ್ಯಾಡ. ದವಡ್ಯಾಗ ಇಟ್ಕೊಂಡು ಕುಂದ್ರು." ಘಾಟಿಗೆ ನಮ್ಮೆಲ್ಲರ ಮದ್ದು ಅದೊಂದೇ. ಗೋದಾಮಿನಲ್ಲಿ ಅವಳದೇ ದೊಡ್ಡ ದನಿ. ಗುಮಾಸ್ತನೂ ಅದಕ್ಕೆ ಅಂಜುತ್ತಿದ್ದ.

ಕೆಲವು ವರ್ಷಗಳ ಮೇಲೆ ಅವಳಿಗೆ ಸ್ತನದ ಕ್ಯಾನ್ಸರ್ ಎಂದು ಹುಬ್ಬಳ್ಳಿಯಲ್ಲಿ ಆಪರೇಷನ್ ಆಯಿತು. ಸೆರಗಿನೊಳಗೆ ಹಳೆ ಬಟ್ಟೆ ಮಡಚಿಟ್ಟುಕೊಂಡು ಮತ್ತೆ ಕೆಲಸಕ್ಕೆ ಬಂದಳು. ಎರಡು ವರ್ಷ ಚೆನ್ನಾಗಿದ್ದಳು. ಆಮೇಲೆ ದನಿ ಒಡೆಯಿತು. "ಗುಮಾಸ್ತ ಬದುಕಿದ" ಎಂದು ನಾವು ಚೇಷ್ಟೆ ಮಾಡಿದೆವು. ನಮ್ಮಲ್ಲಿ ಯಾರ ಗಂಟಲು ನೆಟ್ಟಗಿತ್ತು? ಘಾಟು ಎಂದುಕೊಂಡು ದಿನವೂ ನಾನೇ ಬೆಲ್ಲ ಕೊಟ್ಟೆ. ಹೀಗೆಯೇ ಎರಡು ತಿಂಗಳು ಕಳೆದವು.

ರೊಟ್ಟಿ ಸಾರಿನಲ್ಲಿ ನೆನೆಸಿದರೂ ಇಳಿಯದಾದಾಗ ರಾಣೆಬೆನ್ನೂರಿನ ಡಾಕ್ಟರರ ಹತ್ತಿರ ಕರೆದೊಯ್ದೆ. ಗಂಟಲಿನಿಂದ ಮಾಂಸದ ಚೂರು ತೆಗೆದು ಪರೀಕ್ಷೆಗೆ ಕಳಿಸಿದರು. ವಾರದ ಮೇಲೆ ನನ್ನೊಬ್ಬಳನ್ನೇ ಒಳಗೆ ಕರೆದರು.

"ಎದೀ ಕ್ಯಾನ್ಸರ್ ಬ್ಯಾನೀನೇ ಗಂಟಲಕ್ಕ ಬಂದೈತಿ. ಹಿಂಗ ಬರೂದು ಭಾಳ ಅಪರೂಪ."

"ನಾವು ಘಾಟು ಅಂತ ತಿಳ್ಕೊಂಡಿದ್ವಿರಿ. ಲಗೂ ಬಂದಿದ್ರ ಉಳೀತಿದ್ಲೇನ್ರಿ?"

"ಹೇಳಾಕ ಬರೂದಿಲ್ಲವಾ" ಎಂದರು.

ಬೈದಿದ್ದರೆ ಅತ್ತು ಹಗುರಾಗುತ್ತಿದ್ದೆ. ಆ ಮಾತನ್ನು ಇಟ್ಟುಕೊಂಡು ಏನು ಮಾಡಬೇಕೋ ಇವತ್ತಿಗೂ ನನಗೆ ತಿಳಿದಿಲ್ಲ. ಹೊರಗೆ ಬೆಂಚಿನ ಮೇಲೆ ಕೂತಿದ್ದ ಖಾಲಾ ನನ್ನ ಮುಖ ನೋಡಿ, ಸೆರಗು ಸರಿಪಡಿಸಿಕೊಂಡು ಎದ್ದಳು.

ಕೊನೆಕೊನೆಗೆ ದನಿ ಪೂರ್ತಿ ಹೋಯಿತು. ನೀರನ್ನೂ ಚಮಚದಲ್ಲಿ ಹನಿಸಬೇಕಿತ್ತು. ತಿಂಗಳುಗಟ್ಟಲೆ ಕೆಲಸವಿಲ್ಲದೆ ಉಗುರುಗಳು ಬೆಳ್ಳಗಾಗಿದ್ದವು. ಒಂದು ಮಧ್ಯಾಹ್ನ ಗೋದಾಮಿನಿಂದ ನೇರ ಹೋಗಿ ಅವಳ ಪಕ್ಕ ಕೂತೆ. ಕೆಮ್ಮು ಬಂತು, ತಡೆಯಲಾಗಲಿಲ್ಲ. ಖಾಲಾ ತಲೆದಿಂಬಿನ ಕೆಳಗೆ ತಡಕಾಡಿ ಕಾಗದದ ಪೊಟ್ಟಣ ತೆಗೆದಳು. ನಾನು ಕೊಟ್ಟಿದ್ದ ಬೆಲ್ಲ, ಅವಳು ನುಂಗಲಾಗದೆ ಉಳಿಸಿದ್ದು. ಒಂದು ಚೂರು ನನ್ನ ಬಾಯಿಗಿಟ್ಟು, ಕಡಿಯಬೇಡ ಎಂದು ಬೆರಳಾಡಿಸಿದಳು.

ಮೂರನೆಯ ದಿನ ತೀರಿಕೊಂಡಳು. ಬೆಲ್ಲ ಕೊಟ್ಟ ಆ ಮಧ್ಯಾಹ್ನ ಚೂರು ಕರಗುವವರೆಗೂ ಕಡಿಯದೆ ಅವಳೆದುರು ಕೂತಿದ್ದೆ. ನನ್ನಿಂದ ಆದದ್ದು ಅಷ್ಟೇ.