ಚೇರ್ಮನ್ ಜೀಪಿನ ಢಂ ಢಂ

ಕೂಡ್ಲಿಗಿಯ ಏಕಾಂತಪ್ಪನವರು ಯಾವ ಸಂಘದ ಚೇರ್ಮನ್ ಎಂಬುದು ಅರ್ಧ ಊರಿಗೆ ಗೊತ್ತಿರಲಿಲ್ಲ, ಉಳಿದರ್ಧ ಊರಿಗೆ ಬೇಕಾಗಿರಲಿಲ್ಲ. ಅವರ ಜೀಪು ಮಾತ್ರ ಎಲ್ಲರಿಗೂ ಗೊತ್ತು. ಆ ಹಳೆಯ ಪೆಟ್ರೋಲ್ ಜೀಪು ಇಳಿಜಾರಿನಲ್ಲಿ ಎಕ್ಸಿಲೇಟರ್ ಬಿಟ್ಟೊಡನೆ ಸೈಲೆನ್ಸರಿನಿಂದ ಢಂ, ಢಂ ಎಂದು ಸಿಡಿಯುತ್ತಿತ್ತು.

ಕೆಳಗಿನ ಕೇರಿಯಲ್ಲಿ ಆ ಸದ್ದಿಗೆ ಒಂದು ಪದ್ಧತಿಯೇ ಬೆಳೆದಿತ್ತು. ಏಕಾಂತಪ್ಪನವರ ತೋಟಕ್ಕೆ ದಾರಿ ಕೇರಿಯ ನಡುವೆಯೇ. ಮೊದಲನೆಯ ಢಂಗೆ ಕೂತವರು ಏಳಬೇಕು, ಎರಡನೆಯದಕ್ಕೆ ಕಾಲಿನ ಚಪ್ಪಲಿ ಕೈಗೆ ಬರಬೇಕು, ಮೂರನೆಯದರ ಹೊತ್ತಿಗೆ ಜೀಪು ಎದುರಿಗೆ. ಇದನ್ನು ಯಾವ ಕಾನೂನಿನಲ್ಲೂ ಬರೆದಿರಲಿಲ್ಲ. ಬರೆದಿದ್ದ ಕಾನೂನು ಇದಕ್ಕೆ ವಿರುದ್ಧವಾಗಿತ್ತು. ಆ ಕಾನೂನಿನ ಸೈಲೆನ್ಸರ್ ಗಟ್ಟಿಯಾಗಿದ್ದರಿಂದ ಕೇರಿಯವರೆಗೆ ಕೇಳಿಸುತ್ತಿರಲಿಲ್ಲ, ಅಷ್ಟೆ.

ಮೆಕ್ಯಾನಿಕ್ ಸೋಮಪ್ಪ ಅದೇ ಕೇರಿಯವನು. ಹೊಸಪೇಟೆಯ ಗ್ಯಾರೇಜೊಂದರಲ್ಲಿ ಹನ್ನೊಂದು ವರ್ಷ ಎಣ್ಣೆ ಮೆತ್ತಿಕೊಂಡು ಕಲಿತು ಬಂದು, ಬಸ್‌ಸ್ಟ್ಯಾಂಡ್ ಪಕ್ಕ ತಗಡಿನ ಶೆಡ್ಡು ಹಾಕಿದ್ದ. ಜಾಗ ಏಕಾಂತಪ್ಪನವರದು. ಅವನು ಮುಟ್ಟಿದ ನೀರು ಆಗದ ಮನೆಗಳ ಗಾಡಿಗಳು ಅವನು ಮುಟ್ಟದೆ ಚಾಲೂ ಆಗುತ್ತಿರಲಿಲ್ಲ.

ಎಪ್ಪತ್ತೆಂಟನೇ ಇಸವಿಯ ಒಂದು ಬೆಳಿಗ್ಗೆ ಡ್ರೈವರ್ ಪಾಲಾಕ್ಷ ಆ ಜೀಪನ್ನು ಶೆಡ್ಡಿನ ಮುಂದೆ ತಂದು ನಿಲ್ಲಿಸಿದ.

"ಸೋಮಣ್ಣ, ಇದರ ಬಾಯಿ ಮುಚ್ಚಿಸು ಮಾರಾಯ. ಬರೋ ವಾರ ಹಡಗಲಿಗೆ ಮಂತ್ರಿ ಬರ್ತಾರ. ಅವರ ಕಾರಿನ ಹಿಂದ ಇದು ಢಂ ಅಂತು ಅಂದ್ರ, ಪೊಲೀಸ್ರು ನಮ್ಮ ಚೇರ್ಮನ್ರನ್ನ ನೆಲಕ್ಕ ಕೆಡವ್ತಾರ."

"ಒಂಬತ್ತು ವರ್ಷದಿಂದ ಸಿಡೀತೈತಿ, ಇಷ್ಟು ದಿನ ಯಾಕ ತರ್ಲಿಲ್ಲ?"

"ಅವ್ರಿಗೆ ಕೇಳಾಕ ಚಲೋ ಇತ್ತು," ಎಂದು ಪಾಲಾಕ್ಷ ಚಹಾ ಕುಡಿಯಲು ಹೋದ.

ಗಾಡಿ ಯಾವಾಗ ಸಿಡಿಯುತ್ತದೆಂದು ಓಡಿಸಿಯೇ ನೋಡಬೇಕು. ಇಳಿಜಾರು ಬೇಕೆಂದು ಸೋಮಪ್ಪ ತನ್ನ ಕೇರಿಯ ಕಡೆಗೇ ತಿರುಗಿಸಿ, ಎಕ್ಸಿಲೇಟರಿನಿಂದ ಕಾಲು ತೆಗೆದ. ಢಂ. ಕಟ್ಟೆಯ ಮೇಲಿದ್ದವರೆಲ್ಲ ಎದ್ದರು. ಢಂ. ಚಪ್ಪಲಿಗಳು ಕೈಗೆ ಬಂದವು. ಅವನ ಮನೆಯ ಮುಂದೆ ಶೇಂಗಾ ಬಿಡಿಸುತ್ತಿದ್ದ ತಾಯಿ ಹಂಪಮ್ಮ ಗೋಡೆಗೆ ಒಂದು ಕೈ, ನೋಯುವ ಮೊಣಕಾಲಿಗೆ ಒಂದು ಕೈ ಊರಿ, ಮೂರು ಸಲಕ್ಕೆ ಎದ್ದು ತಲೆ ಬಗ್ಗಿಸಿ ನಿಂತಳು.

ಸೋಮಪ್ಪ ಜೀಪು ನಿಲ್ಲಿಸಿದ. ಅವಳು ತಲೆ ಎತ್ತಲಿಲ್ಲ.

"ಯವ್ವಾ, ನಾನು."

"ನೀನಾ? ನಿನ್ನ ಸುಡ್ಲಿ. ಸುಮ್ ಸುಮ್ನ ಎಬ್ಬಿಸಿದೆಲ್ಲೋ."

ಎದುರು ಮನೆಯ ದ್ಯಾಮಕ್ಕ ಕೈಯಲ್ಲಿ ಚಪ್ಪಲಿ ಹಿಡಿದೇ ಅಂದಳು: "ಬರ್ರಿ ಚೇರ್ಮನ್ರ. ಇವನ್ನ ಕಾಲಿಗೆ ಹಾಕ್ಕೊಳ್ಳಾಕ ಅಪ್ಪಣಿ ಐತೇನ್ರಿ?"

ಕೇರಿಯೆಲ್ಲ ನಕ್ಕಿತು. ಸೋಮಪ್ಪನಿಗೆ ನಗು ಬರಲಿಲ್ಲ. ಇನ್ನು ಈ ಗಾಡಿಯ ಸದ್ದಿಗೆ ಅವ್ವ ಏಳಬಾರದು ಎಂದುಕೊಂಡ.

ಅರ್ಧ ದಿನದ ಕೆಲಸಕ್ಕೆ ಎರಡು ದಿನ ಕೂತ. ಇಂಜಿನ್ ತಣ್ಣಗಾದ ಮೇಲೆ ಚಾಲೂ ಮಾಡಿ, ಸೈಲೆನ್ಸರ್ ಪೈಪು ಇಂಜಿನ್ನಿಗೆ ಸೇರುವ ಸಂದಿಯ ಬಳಿ ಬೀಡಿ ಹೊಗೆ ಬಿಟ್ಟ. ಹೊಗೆ ಒಮ್ಮೆ ಚದುರಿತು, ಒಮ್ಮೆ ಸಂದಿಯೊಳಕ್ಕೆ ಸೇರಿಹೋಯಿತು. ಸಿಕ್ಕಿತು. ಸಂದಿ ಮುಚ್ಚುವ ತೆಳು ಪ್ಯಾಕಿಂಗ್ ಹರಿದು ಗಾಳಿ ಒಳಹೋಗುತ್ತಿತ್ತು. ಸುಡದೆ ಉಳಿದ ಪೆಟ್ರೋಲ್ ಸೈಲೆನ್ಸರಿನೊಳಗೆ ಹೊತ್ತಿಕೊಳ್ಳುತ್ತಿತ್ತು. ಹೊಸ ಪ್ಯಾಕಿಂಗ್ ಕತ್ತರಿಸಿ ಕೂರಿಸಿದ, ನಟ್ಟುಗಳನ್ನು ಒಂದೇ ಸಮ ಬಿಗಿದ, ಪಾಯಿಂಟು, ಟೈಮಿಂಗು, ಕಾರ್ಬೊರೇಟರ್ ಎಲ್ಲ ಹೊಂದಿಸಿದ. ಹಳೆಯ ಪ್ಯಾಕಿಂಗನ್ನು ಮನೆಗೆ ಒಯ್ದು ತಾಯಿಯ ಅಂಗೈಯಲ್ಲಿಟ್ಟ.

ಅವಳು ಆ ಕರಿ ಚೂರನ್ನು ತಿರುಗಿಸಿ ನೋಡಿದಳು. "ಇದಕ್ಕಾ ನಾ ಒಂಬತ್ತು ವರ್ಷ ಎದ್ದದ್ದು?"

ಮಂತ್ರಿ ಬಂದರು, ಹೋದರು. ಪೊಲೀಸರು ಯಾರನ್ನೂ ಕೆಡವಲಿಲ್ಲ. ಆಮೇಲೊಂದು ದಿನ ಏಕಾಂತಪ್ಪನವರು ತೋಟಕ್ಕೆ ಹೊರಟರು. ಜೀಪು ಬೆಕ್ಕಿನಂತೆ ಕೇರಿಗೆ ಇಳಿಯಿತು. ಕಟ್ಟೆಯ ಮೇಲಿದ್ದವರು ಕಾಲ ಮೇಲೆ ಕಾಲು ಹಾಕಿಕೊಂಡಿದ್ದರು, ಕಾಲಲ್ಲಿ ಚಪ್ಪಲಿ ಇದ್ದವು. ಹಂಪಮ್ಮ ರಸ್ತೆಗೆ ಬೆನ್ನು ಮಾಡಿ ಕೂತಿದ್ದಳು. ಮಾರುದೂರದಲ್ಲಿ ಹಾದ ಜೀಪಿಗೆ ತಿರುಗಿಯೂ ನೋಡದೆ, "ಮೆಲ್ಲಕ ಹೋಗಪ್ಪ, ಶೇಂಗಾಕ್ಕ ಧೂಳ ಬೀಳ್ತೈತಿ," ಅಂದಳು.

ಚೇರ್ಮನ್ನರು ಜೀಪು ತಿರುಗಿಸಿ ಇನ್ನೊಂದು ಸಲ ಹಾಯಿಸಿದರು. ಢಂ ಇಲ್ಲದೆ ಅದು ಅವರ ಜೀಪೆಂದು ಯಾರಿಗೂ ಗೊತ್ತಾಗಲಿಲ್ಲ. ಏಳಿ ಎಂದು ಬಾಯಿಬಿಟ್ಟು ಹೇಳುವುದು ಅವರ ಘನತೆಗೆ ಒಗ್ಗದು. ಇಷ್ಟು ದಿನ ಆ ಕೆಲಸವನ್ನು ಸೈಲೆನ್ಸರ್ ಮಾಡುತ್ತಿತ್ತು.

ನೇರ ಶೆಡ್ಡಿಗೆ ಬಂದರು.

"ಸೋಮಪ್ಪ, ಗಾಡಿ ಭಾಳ ಸಪ್ಪಗಾಗೈತಲ್ಲೋ."

"ಸರಿಯಾಗೈತ್ರಿ."

"ಮೊದ್ಲಿನಂಗ ಮಾಡು."

"ಮೊದ್ಲು ಕೆಟ್ಟಿತ್ರಿ."

"ಹಂಗಾರ ಕೆಡಿಸು."

ಸೋಮಪ್ಪ ತಗಡಿನ ಶೆಡ್ಡನ್ನು ಒಮ್ಮೆ ನೋಡಿದ. ಎರಡು ನಟ್ಟು ಸಡಿಲಿಸಿದರೆ ಸಾಕು, ಬೀಡಿ ಸೇದುವಷ್ಟು ಹೊತ್ತಿನ ಕೆಲಸ. ಗೋಡೆ ಹಿಡಿದ ಅವ್ವನ ಕೈ ಕಣ್ಣ ಮುಂದೆ ಬಂತು.

"ಕೆಡಸೋದು ನಾ ಕಲ್ತಿಲ್ರಿ."

"ನೀ ನಿಂತ ಜಾಗ ಯಾರ್ದು, ಗೊತ್ತೈತೇನು?"

"ಗೊತ್ತೈತ್ರಿ. ನಟ್ಟು ಬಿಚ್ಚೋ ಪಾನಾ ಅಷ್ಟ ನನ್ನವು."

ಸೋಮವಾರದೊಳಗೆ ತಗಡು ಬಿಚ್ಚಿಕೊಂಡು ಪಾನಾಗಳ ಪೆಟ್ಟಿಗೆಯನ್ನು ಹೆದ್ದಾರಿ ಬದಿಯ ಹುಣಸೆ ಮರದ ಕೆಳಗೆ ಇಟ್ಟ. ಬಿಸಿಲು ಸರಿದಂತೆ ಅವನೂ ಮರದ ಸುತ್ತ ಸರಿಯುತ್ತಿದ್ದ. ಜೀಪು ಬೇರೆ ಊರಿಗೆ ಹೋಗಿ, ಯಾರದೋ ಕೈಯಲ್ಲಿ ಕೆಟ್ಟು, ಮೊದಲಿಗಿಂತ ಜೋರಾಗಿ ಸಿಡಿಯುತ್ತ ಮರಳಿ ಬಂತು.

ಢಂ.

ಕೇರಿಯಲ್ಲಿ ಅರ್ಧ ಜನ ಎದ್ದರು. ಹಂಪಮ್ಮನ ಕೈ ತಾನಾಗಿ ಗೋಡೆಗೆ ಹೋಯಿತು. ಹೋದದ್ದು ಅಲ್ಲೇ ನಿಂತಿತು.

"ಪ್ಯಾಕಿಂಗ್ ಹೋಗೈತಿ," ಎಂದಳು ದ್ಯಾಮಕ್ಕನಿಗೆ.

ಢಂ.

"ಹೌದ?" ಎಂದು ದ್ಯಾಮಕ್ಕ ಕೈಗೆ ತೆಗೆದುಕೊಂಡಿದ್ದ ಚಪ್ಪಲಿಯನ್ನು ನೋಡಿದಳು. ಕೆಳಗೆ ಹಾಕಿ, ಮೆಟ್ಟಿಕೊಂಡು ಕೂತಳು.

ಜೀಪು ಎದುರಿಗೆ ಬಂತು. ಹಂಪಮ್ಮ ಕೂತಲ್ಲಿಂದಲೇ ತಲೆ ಎತ್ತಿ, ಕಾಯಿಲೆಯವರನ್ನು ಮಾತಾಡಿಸುವ ದನಿಯಲ್ಲಿ ಅಂದಳು:

"ನಮ್ಮ ಸೋಮ ಈಗ ಹುಣಸಿ ಮರದ ಕೆಳಗ ಅದಾನ್ರಿ. ಒಮ್ಮಿ ತೋರಿಸ್ಕೊಂಡು ಹೋಗ್ರಿ."