ಖಾಲಿ ಡಬ್ಬಿಗಳ ಜೊತೆ ಹೋದ ಹೂಗುಚ್ಛ

ಮೊದಲಿನಿಂದಲೂ ನಾನು ಕೂತಲ್ಲಿ ಕೂರದ, ನಿಂತಲ್ಲಿ ನಿಲ್ಲದ ಮನುಷ್ಯ. ಬಸ್ಸು ಬರುವುದಕ್ಕೆ ಅರ್ಧ ತಾಸು ಮೊದಲೇ ನಿಲ್ದಾಣಕ್ಕೆ ಹೋಗಿ, ಅದು ಬರುವ ದಾರಿಯಲ್ಲಿ ಎದುರಿಗೇ ನಾಲ್ಕು ಹೆಜ್ಜೆ ನಡೆದು, ಡ್ರೈವರನಿಂದ ಬೈಸಿಕೊಂಡು ಹತ್ತುವವ. "ನಿನ್ನ ಕಾಲಾಗ ಗಾಲಿ ಅದಾವು" ಎನ್ನುತ್ತಿದ್ದಳು ಅವ್ವ. ಇಂಥವನನ್ನು ಇಪ್ಪತ್ತೆರಡು ದಿನ ಒಂದೇ ಒಂದು ಮಾತಿಗಾಗಿ ಕಾಯಿಸಿದರು. ಆಮೇಲೆ ನಾನು ಮಾಡಿದ್ದರಲ್ಲಿ ಅರ್ಧ ತಪ್ಪು ಆ ಇಪ್ಪತ್ತೆರಡು ದಿನದ್ದು.

ಎಪ್ಪತ್ತರ ದಶಕದ ನಡುವಿನ ಮಾತು. ನವಲಗುಂದದ ಒಂದು ಕಚೇರಿಯಲ್ಲಿ ಗುಮಾಸ್ತನಾಗಿ ಸೇರಿ ನನಗೆ ಎರಡು ವರ್ಷವಾಗಿತ್ತು. ಮನೆ ಅಣ್ಣಿಗೇರಿಯಲ್ಲಿ. ನಾನು ಸಣ್ಣವನಿದ್ದಾಗಲೇ ಅಪ್ಪ ತೀರಿಕೊಂಡಿದ್ದರಿಂದ ಮನೆಯ ಕಾರಭಾರವೆಲ್ಲ ದೊಡ್ಡಪ್ಪನವರದು. ಬಿತ್ತುವ ಬೀಜದಿಂದ ಹಿಡಿದು ನನ್ನ ಅಂಗಿಯ ಬಣ್ಣದವರೆಗೆ ಅವರದೇ ತೀರ್ಮಾನ. ಕೆಟ್ಟವರಲ್ಲ. ಆದರೆ ಅವರು ಬಾಯಿ ಬಿಡುವವರೆಗೆ ಮನೆಯಲ್ಲಿ ಯಾರೂ ಬಾಯಿ ಬಿಡುವಂತಿರಲಿಲ್ಲ.

ಅವರೇ ನನ್ನನ್ನು ಕರೆದುಕೊಂಡು ದುಮ್ಮವಾಡಕ್ಕೆ ಕನ್ಯೆ ನೋಡಲು ಹೋದರು. ಹುಡುಗಿ ಹುಬ್ಬಳ್ಳಿಯ ಹಾಸ್ಟೆಲಿನಲ್ಲಿದ್ದು ಪಿಯುಸಿ ಓದಿ ಬಂದಿದ್ದಳು. ದೊಡ್ಡಪ್ಪ ಪದ್ಧತಿಯಂತೆ ಹೆಸರು ಕೇಳಿದರು, ಪೇಪರು ಓದಿಸಿದರು, ಪಡಸಾಲೆಯಲ್ಲಿ ಆ ಗೋಡೆಯಿಂದ ಈ ಗೋಡೆಗೆ ನಡೆಸಿದರು. ಎಲ್ಲ ಮುಗಿದ ಮೇಲೆ ಮಾತಿಗೆಂದು, "ನೀ ಏನರೆ ಕೇಳೂದೈತೇನವಾ?" ಅಂದರು. ಆ ಪ್ರಶ್ನೆಗೆ ತಲೆ ತಗ್ಗಿಸಿ ಸುಮ್ಮನಿರುವುದು ರೂಢಿ. ಅವಳು ತಲೆ ಎತ್ತಿ, ನೇರ ನನ್ನ ಕಡೆ ನೋಡಿ, "ನಿಮ್ಮ ಮನಿಯಾಗ ಹೂವಿನ ಗಿಡ ಅದಾವೇನ್ರಿ?" ಎಂದು ಕೇಳಿದಳು.

ಅವರ ಅಂಗಳದಲ್ಲಿ ಮಲ್ಲಿಗೆ, ಅಬ್ಬಲಿಗೆ, ದಾಸವಾಳ ಒಂದರ ಮೇಲೊಂದು ಬಿದ್ದು ಬೆಳೆದಿದ್ದವು. ನಾನು ಗಂಟಲು ಸರಿ ಮಾಡಿಕೊಳ್ಳುವಷ್ಟರಲ್ಲಿ ದೊಡ್ಡಪ್ಪ ಉತ್ತರ ಕೊಟ್ಟೇಬಿಟ್ಟರು: "ನಮ್ಮದು ಎರಿಹೊಲದ ಸೀಮಿ. ಹತ್ತಿ, ಜ್ವಾಳ ಬೆಳಿತೀವಿ. ಹೂವು ತಗೊಂಡು ಏನ್ ಮಾಡೂದೈತಿ?"

ಅವಳು ಕೇಳಿದ್ದು ನನ್ನನ್ನು. ಮರಳುವ ದಾರಿಯುದ್ದಕ್ಕೂ ಅದನ್ನೇ ನೆನೆದು ಉರಿದೆ. ಇಪ್ಪತ್ನಾಲ್ಕು ವರ್ಷದ ಗಂಡಸು, ಸರಕಾರದ ಪಗಾರ ತಿನ್ನುವವ, ಮನೆಯಲ್ಲಿ ಹೂವಿನ ಗಿಡ ಇಲ್ಲ, ಹಚ್ಚಿದರಾಯಿತು ಎಂದು ಹೇಳಲಾರದೆ ಬಂದಿದ್ದೆ.

ಮನೆಗೆ ಬಂದ ಮೇಲೆ ದೊಡ್ಡಪ್ಪ ಹೌದು ಅನ್ನಲಿಲ್ಲ, ಅಲ್ಲ ಅನ್ನಲಿಲ್ಲ. "ನೋಡೂಣು" ಅಂದರು. ಗದಗಿನ ಕಡೆಯ ಬೀಗರ ಪೈಕಿ ಒಂದು ಹುಡುಗಿ ಅವರ ಮನಸ್ಸಿನಲ್ಲಿದ್ದಳೆಂದು ಅವ್ವ ಮೆಲ್ಲಗೆ ಹೇಳಿದಳು. ಪ್ರತಿ ರವಿವಾರ ಊರಿಗೆ ಹೋದಾಗ ಅವರ ಮುಂದೆ ಸುಳಿದಾಡುತ್ತಿದ್ದೆ. ಮೂರನೆಯ ರವಿವಾರ ಅವರು ಎಲೆಗೆ ಸುಣ್ಣ ಹಚ್ಚುತ್ತ, "ತಾಳಿದವ ಬಾಳ್ಯಾನು" ಅಂದರು. ತಾಳದವನು ಏನಾಗುತ್ತಾನೆಂದು ಕೇಳುವ ಧೈರ್ಯ ನನಗಿರಲಿಲ್ಲ. ಕಚೇರಿಯಲ್ಲಿ ಬರೆದ ಟಪಾಲನ್ನೇ ಎರಡು ಸಲ ಬರೆದೆ, ಸಾಹೇಬರಿಂದ ಬೈಸಿಕೊಂಡೆ, ಊಟಕ್ಕೆ ಕೂತವನು ಅರ್ಧಕ್ಕೇ ಎದ್ದೆ.

ಇಪ್ಪತ್ತೆರಡನೆಯ ದಿನ, ಶುಕ್ರವಾರ, ಕಲಘಟಗಿ ಕಡೆಯ ಸಹೋದ್ಯೋಗಿಯೊಬ್ಬ ಚಹಾ ಕುಡಿಯುತ್ತ ಅಂದ: "ನೀವು ನೋಡಿ ಬಂದ ಮನಿಗೆ ಸೋಮವಾರ ಬ್ಯಾರೆ ಮಂದಿ ಬರಾಕತ್ತಾರಂತ. ನಿಮ್ಮವರು ಮಾತ ಆಡವಲ್ರು, ಅವರರೆ ಎಷ್ಟ ದಿನ ಕಾಯ್ತಾರ?"

ಚಹಾ ಅಲ್ಲೇ ಬಿಟ್ಟು ಎದ್ದೆ. ಹುಡುಗಿಗೆ ಪತ್ರ ಬರೆದರೆ ಅವಳ ಮಾನ ಹೋಗುತ್ತಿತ್ತು. ಅವಳ ಅಪ್ಪನಿಗೆ ಬರೆದರೆ ದೊಡ್ಡಪ್ಪನ ಮಾನ. ಆಗ ನೆನಪಾದದ್ದು ಹಿಂದಿನ ತಿಂಗಳು ನಮ್ಮ ಕಚೇರಿಗೆ ಬಂದಿದ್ದ ದೊಡ್ಡ ಅಧಿಕಾರಿಗೆ ಕೊಟ್ಟ ಹೂಗುಚ್ಛ. ಹುಬ್ಬಳ್ಳಿಯಿಂದ ತರಿಸಿದ್ದರು. ಹಾರ ಹಾಕಿದರೆ ಮಾನ, ಗುಚ್ಛ ಕೊಟ್ಟರೆ ಮರ್ಯಾದೆ, ಅದರಿಂದ ಯಾರಿಗೂ ಮಾತು ಕೊಟ್ಟಂತಾಗುವುದಿಲ್ಲ, ಏನೂ ಬೇಡಿದಂತೆಯೂ ಆಗುವುದಿಲ್ಲ. ಅವಳ ಅಪ್ಪನ ಹೆಸರಿಗೇ ಒಂದು ಗುಚ್ಛ ಕಳಿಸಬೇಕು, ಜೊತೆಗೊಂದು ಚೀಟಿ: "ಅಂದು ತಾವು ಮಾಡಿದ ಆದರಕ್ಕೆ ಕೃತಜ್ಞ." ಅಪ್ಪ ಚೀಟಿ ಓದಿಕೊಳ್ಳುತ್ತಾನೆ, ಮಗಳು ಹೂವು ನೋಡುತ್ತಾಳೆ, ತಾನು ಕೇಳಿದ್ದಕ್ಕೆ ಉತ್ತರ ಬಂತೆಂದು ತಿಳಿದುಕೊಳ್ಳುತ್ತಾಳೆ. ಸೋಮವಾರ ಬಂದವರ ಮುಂದೆ ಸ್ವಲ್ಪ ತಡೆಯುತ್ತಾಳೆ. ಇಷ್ಟೇ ನನ್ನ ಲೆಕ್ಕಾಚಾರ. ಈಗ ಬರೆಯುವಾಗ ನನಗೇ ನಗು ಬರುತ್ತದೆ.

ಶನಿವಾರ ಅರ್ಧ ದಿನದ ಕಚೇರಿ ಮುಗಿಸಿ ಹುಬ್ಬಳ್ಳಿಯ ಬಸ್ಸು ಹತ್ತಿದೆ. ಯಮನೂರಿನ ಹತ್ತಿರ ಬಸ್ಸು ನಿಂತು ನಿಂತು ಮಂದಿ ಹತ್ತಿಸಿಕೊಂಡಿತು. ನಾನು ಒಳಗೆ ಕೂತಲ್ಲೇ ಕಾಲು ಕುಣಿಸುತ್ತಿದ್ದೆ. ಹೂವಿನ ಪೇಟೆಯಲ್ಲಿ ಗುಚ್ಛ ಕಟ್ಟುವವನು ಒಬ್ಬನೇ ಸಿಕ್ಕ. ಗುಲಾಬಿ, ಸುಗಂಧರಾಜ, ಸುತ್ತಲೂ ಹಸಿರೆಲೆ, ಹಿಡಿಕೆಗೆ ಬಿದಿರಿನ ಕಡ್ಡಿ, ಅದಕ್ಕೆ ಜರಿಯ ಸುತ್ತು. "ಮಂತ್ರಿಗಳು ಬರಾಕತ್ತಾರೇನ್ರಿ?" ಎಂದು ಕೇಳಿದ. ಹೌದೆಂದೆ. ಚೀಟಿಯನ್ನು ಜರಿಯೊಳಗೆ ಸಿಗಿಸಿದೆ.

ಇನ್ನು ಕಳಿಸುವ ಮಾತು. ನಮ್ಮ ಕಡೆ ಹಳ್ಳಿಯಿಂದ ಹುಬ್ಬಳ್ಳಿಗೆ ಓದಲು ಬಂದ ಮಕ್ಕಳಿಗೆ ದಿನಾ ಮುಂಜಾನೆ ಮನೆಯಿಂದ ಬುತ್ತಿ ಬರುತ್ತಿತ್ತು. ರೊಟ್ಟಿ, ಪಲ್ಯ, ಚಟ್ನಿಯ ಡಬ್ಬಿಗಳನ್ನು ಒಬ್ಬ ಮನುಷ್ಯ ಒಟ್ಟು ಮಾಡಿ ಬಸ್ಸಿನಲ್ಲಿ ತಂದು, ರೂಮು ರೂಮಿಗೆ ಮುಟ್ಟಿಸಿ, ಸಂಜೆ ಖಾಲಿ ಡಬ್ಬಿ ಹೊತ್ತು ಊರಿಗೆ ಮರಳುತ್ತಿದ್ದ. ಮರಳುವಾಗ ಅವನ ಚೀಲದಲ್ಲಿ ಊರಿನವರ ಔಷಧ, ರಿಪೇರಿಯಾದ ಕನ್ನಡಕ, ಹೊಲಿದ ಕುಪ್ಪಸ, ಎಲ್ಲ ಇರುತ್ತಿದ್ದವು. ದುಮ್ಮವಾಡದ ಕಡೆ ಈ ಕೆಲಸ ಮಾಡುತ್ತಿದ್ದ ಹಿರಿಯನನ್ನು ಎಲ್ಲರೂ ಬುತ್ತಿ ಕಾಕಾ ಅನ್ನುತ್ತಿದ್ದರು. ಬಸ್‌ಸ್ಟ್ಯಾಂಡಿನಲ್ಲಿ ಅವನನ್ನು ಹುಡುಕಿ, ಹುಡುಗಿಯ ಮನೆಯ ಗುರುತು ಹೇಳಿ, ಗುಚ್ಛ ಕೈಗಿಟ್ಟೆ. ಅದನ್ನು ತಲೆಕೆಳಗು ಮಾಡಿ, ಮೂಸಿ, ಮತ್ತೆ ನೆಟ್ಟಗೆ ಹಿಡಿದು ಕೇಳಿದ:

"ಇದೇನ್ರಿ, ಹೂವಿನ ಕಸಬರಗಿ?"

"ಗುಚ್ಛರೀ. ಬಾಡಬಾರದು. ಯಜಮಾನರ ಕೈಯಾಗನ ಕೊಡ್ರಿ. ಚೀಟಿ ಐತಿ ಅದರಾಗ."

"ಯಾರು ಕಳಿಸ್ಯಾರಂತ ಹೇಳ್ಲಿ?"

ಹೆಸರು ಹೇಳಲು ನಾಚಿಕೆ. "ಅಣ್ಣಿಗೇರಿಯವರು ಅನ್ರಿ, ಸಾಕು" ಅಂದೆ. ಅವನು ಡಬ್ಬಿ ಕಟ್ಟಿದ್ದ ಅರಿವೆಯೊಂದನ್ನು ನಳದಲ್ಲಿ ನೆನೆಸಿ, ಹಿಂಡಿ, ಗುಚ್ಛದ ಬುಡಕ್ಕೆ ಸುತ್ತಿ, ಬಸ್ಸಿನ ಕಿಟಕಿಯ ಸರಳಿಗೆ ತೂಗುಹಾಕಿದ. ಬಸ್ಸು ಹೊರಟಾಗ ಗುಲಾಬಿಗಳು ಖಾಲಿ ಡಬ್ಬಿಗಳ ಸದ್ದಿಗೆ ತಲೆ ಅಲ್ಲಾಡಿಸುತ್ತಿದ್ದವು. ಬಸ್ಸು ತಿರುವಿನಲ್ಲಿ ಮರೆಯಾದ ಕೂಡಲೇ ಕಳಿಸಬಾರದಿತ್ತು ಅನ್ನಿಸಿತು.

ರವಿವಾರ ಊರಿಗೆ ಹೋಗಲಿಲ್ಲ. ಸೋಮವಾರ ಕಚೇರಿಯಲ್ಲಿ ಕೂತಿದ್ದೆನಷ್ಟೆ. ಈಗ ಅವರು ಬಂದಿರಬಹುದು, ಈಗ ಅವಳು ಪೇಪರು ಓದುತ್ತಿರಬಹುದು, ಈಗ ನಡೆಯುತ್ತಿರಬಹುದು. ಮಂಗಳವಾರ ಹೊಟ್ಟೆನೋವೆಂದು ರಜೆ ಬರೆದುಕೊಟ್ಟು ಹುಬ್ಬಳ್ಳಿಗೆ ಹೋಗಿ, ಬುತ್ತಿ ಕಾಕಾ ಡಬ್ಬಿ ಹಂಚಿ ಬರುವವರೆಗೆ ಸ್ಟ್ಯಾಂಡಿನಲ್ಲಿ ಸುತ್ತು ಹಾಕಿದೆ.

ಅವನು ನನ್ನನ್ನು ದೂರದಿಂದಲೇ ನೋಡಿ ನಕ್ಕ. "ಬರ್ರಿ ಅಳಿಯಂದ್ರ" ಅಂದ.

"ಯಾರ ಕೈಯಾಗ ಕೊಟ್ರಿ?"

"ಯಜಮಾನ್ರು ಕಲಘಟಗಿ ಸಂತಿಗೆ ಹೋಗಿದ್ರು. ಅವರ ತಾಯಿ ಇದ್ರು, ಮುದುಕೆಮ್ಮ. ಯಾರು ಕಳಿಸ್ಯಾರಪಾ ಅಂದ್ರು. ಅಣ್ಣಿಗೇರಿ ಗಂಡಿನ ಕಡೆಯವರು ಅಂದೆ. ಹೌದಲ್ರಿ?"

ಹೌದು. ಇದ್ದದ್ದು ಅದೇ. ಮುಂದಿನದನ್ನು ಅವನು ಉಸಿರು ತೆಗೆದುಕೊಳ್ಳದೆ ಹೇಳಿದ. ಗಂಡಿನ ಕಡೆಯಿಂದ ಹೂವು ಬಂತೆಂದರೆ ಅಜ್ಜಿಗೆ ಅರ್ಥ ಒಂದೇ. ಗುಚ್ಛವನ್ನು ತೊಡೆಯ ಮೇಲಿಟ್ಟುಕೊಂಡು ಜರಿ ಬಿಚ್ಚಿದಳಂತೆ, ಹೂವು ಬಿಡಿಸಿದಳಂತೆ, ಎರಡು ದೇವರಿಗೆ ಏರಿಸಿ, ಉಳಿದದ್ದನ್ನು ದಾರದಲ್ಲಿ ಕಟ್ಟಿ, ಓಣಿಯ ಮುತ್ತೈದೆಯರನ್ನು ಕರೆಸಿ ಮೊಮ್ಮಗಳಿಗೆ ಮುಡಿಸಿದಳಂತೆ. ರಾತ್ರಿಯ ಊಟದ ಹೊತ್ತಿಗೆ ಓಣಿಗೆಲ್ಲ ಸಕ್ಕರೆ ಹಂಚಿ ಆಗಿತ್ತು. ಸೋಮವಾರದವರಿಗೆ ಬರಬೇಡಿರೆಂದು ಹೇಳಿ ಕಳಿಸಿದ್ದರು. ಅವನು ಚೀಲದಿಂದ ಸಕ್ಕರೆಯ ಪುಡಿಕೆಯೊಂದನ್ನು ತೆಗೆದು ನನಗೆ ಕೊಟ್ಟ. ಜರಿ ಸುತ್ತಿದ ಬಿದಿರಿನ ಕಡ್ಡಿಯನ್ನೂ ಕೊಟ್ಟ. ಪಾತ್ರೆ ತೊಳೆದು ತಿರುಗಿ ಕಳಿಸುವ ಹಾಗೆ ಅಜ್ಜಿ ಅದನ್ನು ಒರೆಸಿ ಕಳಿಸಿದ್ದಳು.

"ಚೀಟಿ ಇತ್ತಲ್ಲ? ಓದಲಿಲ್ಲೇನು?"

"ಚೀಟಿ ಗೀಟಿ ನನಗ ಗೊತ್ತಿಲ್ರಿ."

ಹೂ ಮುಡಿಸಿದರೆ ಮದುವೆ ನಿಶ್ಚಯವೆಂಬುದು ನನಗೆ ತಿಳಿಯದ ಶಾಸ್ತ್ರವಲ್ಲ. ನನ್ನ ಅಕ್ಕಂದಿರಿಗೂ ಹಾಗೆಯೇ ಆಗಿತ್ತು. ಆದರೆ ಗುಚ್ಛ ಕಚೇರಿಯ ವಸ್ತು, ಅದನ್ನು ಬಿಚ್ಚಿ ಮುಡಿಯುತ್ತಾರೆಂದು ನನಗೆ ಹೊಳೆದಿರಲೇ ಇಲ್ಲ. ಇಟ್ಟಲ್ಲೇ ಬಾಡಲು ಬಿಡುವ ಹೂವನ್ನು ನಮ್ಮ ಮನೆಗಳ ಯಾವ ಹೆಂಗಸು ತಾನೇ ನೋಡಿದ್ದಳು? ತಿಳಿಯಬೇಕಾಗಿದ್ದವನು ನಾನು.

ಆ ಮಧ್ಯಾಹ್ನದ ರೈಲಿಗೇ ಅಣ್ಣಿಗೇರಿಗೆ ಹೋದೆ. ದೊಡ್ಡಪ್ಪ ಕಟ್ಟೆಯ ಮೇಲಿದ್ದರು. ನಿಂತುಕೊಂಡೇ ಎಲ್ಲ ಹೇಳಿದೆ, ಚೀಟಿಯೊಂದನ್ನು ಬಿಟ್ಟು. ಅವರು ಕೇಳಿದ ಮೊದಲ ಪ್ರಶ್ನೆ: "ಯಾರ ಕೈಲೆ ಕಳಿಸಿದಿ?"

"ಬುತ್ತಿ ಒಯ್ಯಾವನ ಕೈಲೆ."

"ಹೂವು ಹಿರೇರು ಒಯ್ಯಬೇಕು. ಐದು ಮಂದಿ ಮುತ್ತೈದೇರು ಒಯ್ಯಬೇಕು. ನೀ ಎಂಜಲ ಡಬ್ಬಿ ಜೋಡಿ ಕಳಿಸಿದಿ." ಎಲೆ-ಅಡಿಕೆಯ ಚೀಲವನ್ನು ಬದಿಗೆ ತಳ್ಳಿದರು. "ನನ್ನ ಕೇಳಬೇಕನ್ನೂದು ನೆನಪಾಗಲಿಲ್ಲ ನಿನಗ?"

ನಾನು ಸಕ್ಕರೆಯ ಪುಡಿಕೆಯನ್ನು ಅವರ ಮುಂದಿಟ್ಟೆ. ಒಳಗೆ ಅವ್ವ ಬಾಗಿಲ ಹಿಂದೆ ನಿಂತಿದ್ದಳು. ದೊಡ್ಡಪ್ಪ ಎದ್ದರು, ಕೂತರು, ಮತ್ತೆ ಎದ್ದರು. ನನ್ನ ಚಡಪಡಿಕೆ ಯಾರ ಕಡೆಯಿಂದ ಬಂದದ್ದೆಂದು ಅವತ್ತೇ ಗೊತ್ತಾಯಿತು. ಕೊನೆಗೆ ಪುಡಿಕೆ ಬಿಚ್ಚಿ, ಒಂದು ಚಿಟಿಕೆ ಸಕ್ಕರೆ ಬಾಯಿಗೆ ಹಾಕಿಕೊಂಡರು.

"ನಮ್ಮ ಹೂವು ಮುಡದಾಳ ಹುಡುಗಿ. ಇನ್ನ ನೋಡೂಣು ಅನ್ನಾಕ ಬರೂದಿಲ್ಲ. ನಾಳೆ ಹೋಗೂಣು, ಸೀರಿ ತಗೊಂಡು."

ಗೆದ್ದೆನೆಂದು ಅವತ್ತು ಸಂಜೆಯಷ್ಟೇ ಅನ್ನಿಸಿದ್ದು. ಮರುದಿನ ದುಮ್ಮವಾಡದ ಪಡಸಾಲೆಯಲ್ಲಿ ಕೂತಾಗ ತಲೆಗೆ ಇನ್ನೊಂದು ಹುಳ ಹೊಕ್ಕಿತು. ಅವಳು ಬಂದು ನಮಸ್ಕಾರ ಮಾಡಿ ಹೋದಳು, ತಲೆ ಎತ್ತಲಿಲ್ಲ. ಮೊದಲ ಸಲ ನೇರ ನೋಡಿದವಳು ಈ ಸಲ ಯಾಕೆ ನೋಡಲಿಲ್ಲ? ಸೋಮವಾರ ಬರುವವನ ಮೇಲೆ ಅವಳಿಗೆ ಮನಸ್ಸಿತ್ತೇನೋ. ಅಜ್ಜಿ ಮುಡಿಸಿದಳು, ಓಣಿಯವರು ಸಕ್ಕರೆ ತಿಂದರು, ಬೇಡ ಅನ್ನುವ ಜಾಗವೇ ಅವಳಿಗೆ ಉಳಿದಿರಲಿಲ್ಲ. ನನ್ನ ಬಾಯಿಂದ ದೊಡ್ಡಪ್ಪ ಉತ್ತರ ಕಸಿದುಕೊಂಡರೆಂದು ಇಪ್ಪತ್ತೆರಡು ದಿನ ಉರಿದವನು ನಾನು. ಈಗ ಅವಳ ಬಾಯಿಂದ ನಾನೇ ಕಸಿದುಕೊಂಡಿದ್ದೆ. ಇದರ ಮೇಲೆ ಆ ಚೀಟಿಯ ಭಯ ಬೇರೆ. ಅವಳ ಅಪ್ಪನ ಕೈಗೆ ಅದು ಸಿಕ್ಕರೆ, ಇದು ಬರೀ ಉಪಚಾರದ ಹೂವೆಂದು ತಿಳಿದರೆ, ಮಗಳ ಮಾನವನ್ನು ಓಣಿಯಲ್ಲಿ ಹರಾಜಿಗಿಟ್ಟವನೆಂದು ನನ್ನನ್ನು ಹೊರಗೆ ಹಾಕುತ್ತಿದ್ದ. ಮದುವೆಗೆ ಎರಡು ತಿಂಗಳಿತ್ತು. ಆ ಎರಡು ತಿಂಗಳಲ್ಲಿ ನನಗೆ ಸರಿಯಾಗಿ ನಿದ್ದೆ ಬಂದ ರಾತ್ರಿಗಳನ್ನು ಬೆರಳಲ್ಲಿ ಎಣಿಸಬಹುದಿತ್ತು.

ಮದುವೆಯಾಗಿ ನವಲಗುಂದದ ಬಾಡಿಗೆ ಮನೆಗೆ ಬಂದು ಹದಿನೈದು ದಿನವಾಗಿತ್ತು. ಒಂದು ಮುಂಜಾನೆ ಅವಳು ತವರಿನಿಂದ ಹಸಿ ಅರಿವೆಯಲ್ಲಿ ಸುತ್ತಿ ತಂದಿದ್ದ ಮಲ್ಲಿಗೆಯ ಕಡ್ಡಿಯನ್ನು ಎಣ್ಣೆಯ ಹಳೆಯ ಡಬ್ಬಿಯಲ್ಲಿ ನೆಡುತ್ತಿದ್ದಳು. ಇನ್ನು ತಡೆಯಲಾಗಲಿಲ್ಲ.

"ಖರೇ ಹೇಳು. ಆವತ್ತು ನಿನ್ನ ಯಾರೂ ಕೇಳಲಿಲ್ಲ. ಆ ಹೂವು ಮುಡಿಯಾಕ ಕಳಿಸಿದ್ದಲ್ಲ. ನಿನಗ ಮನಸ್ಸಿರಲಿಲ್ಲಂದ್ರ..."

ಅವಳು ಮಣ್ಣು ಒತ್ತುತ್ತಲೇ ಇದ್ದಳು. "ಕಾಲೇಜಿನ ಗ್ಯಾದರಿಂಗಿಗೆ ಬಂದ ದೊಡ್ಡ ಮಂದಿಗೆ ಎರಡು ವರ್ಷ ಗುಚ್ಛ ಕೊಟ್ಟಾಕಿ ನಾನು. ಅದು ಮುಡಿಯೂ ಹೂವಲ್ಲಂತ ನನಗ ಗೊತ್ತಿರಲಿಲ್ಲೇನ್ರಿ?"

"ಮತ್ತ ಅಜ್ಜಿಗೆ ಹೇಳಬೇಕಿತ್ತಿಲ್ಲೋ?"

ಕೈ ತೊಳೆದುಕೊಂಡು ಒಳಗೆ ಹೋದಳು. ಟ್ರಂಕಿನ ಸದ್ದಾಯಿತು. ಬಂದವಳ ಕೈಯಲ್ಲಿ ನನ್ನ ಚೀಟಿ. ನೀರು ತಾಗಿ ಅಕ್ಷರ ಒಂದಿಷ್ಟು ಹರಡಿದ್ದವು, ಆದರೂ ಓದಲು ಬರುತ್ತಿತ್ತು.

"ಅಜ್ಜಿ ಜರಿ ಬಿಚ್ಚೂ ಮುಂದ ಇದು ಕೆಳಗ ಬಿತ್ತು. 'ಏನ್ ಬರದಾರ, ಓದವಾ' ಅಂದ್ಲು. ಅಕಿಗೆ ಓದಾಕ ಬರೂದಿಲ್ಲ. ಹೂವಿನ ಅಂಗಡಿ ಚೀಟಿ ಅಂದೆ."

ನಾನು ಆ ಕಾಗದ ಹಿಡಿದುಕೊಂಡು ನಿಂತೆ. ಅದರಲ್ಲಿದ್ದ ನಾಲ್ಕು ಮಾತು ಗಟ್ಟಿಯಾಗಿ ಓದಿದ್ದರೆ ಹೂವು ಒಂದು ತಂಬಿಗೆ ನೀರಿನಲ್ಲಿ ನಿಲ್ಲುತ್ತಿದ್ದವು, ಸೋಮವಾರದವರು ಬರುತ್ತಿದ್ದರು. ಮೊದಲು ಬಂದದ್ದು ಸಂತೋಷ. ಅದರ ಬೆನ್ನಿಗೇ ಸಿಟ್ಟೂ ಬಂತು.

"ಎರಡು ತಿಂಗಳು ನಿದ್ದಿ ಮಾಡಿಲ್ಲ ನಾನು. ಒಂದು ಮಾತು ಹೇಳಿ ಕಳಿಸಾಕ ಏನಾಗಿತ್ತು ನಿನಗ?"

"ಯಾರ ಕೈಲೆ ಕಳಿಸಬೇಕಿತ್ರಿ? ಬುತ್ತಿ ಕಾಕಾನ ಕೈಲೇನು?"

ಚೀಟಿಯನ್ನು ನನ್ನ ಕೈಯಿಂದ ತೆಗೆದುಕೊಂಡು, ಇದ್ದ ಮಡಿಕೆಗೇ ಮಡಚಿ, ಮತ್ತೆ ಟ್ರಂಕಿನಲ್ಲಿಟ್ಟು ಬಂದಳು. ಗಿಡಕ್ಕೆ ಒಂದು ಚರಗಿ ನೀರು ತರಲು ಹೇಳಿದಳು. ನಾನು ಹೋಗಿ ತಂದೆ.